ಏರಿಗೆ ನಾಲ್ಕು ಟೈರು

ನಮ್ಮೂರು ವಾಟ ಬದಲಿಸುವುದು ಮಧ್ಯಾಹ್ನ ಹನ್ನೆರಡು ಗಂಟೆ ಹನ್ನೆರಡು ನಿಮಿಷಕ್ಕೆ. ಜನ ಹನ್ನೆರಡೂಕಾಲು ಎನ್ನುತ್ತಾರೆ, ಅದು ತಪ್ಪು. ಪುರಸಭೆಯ ವಾಟ ಗುಮಾಸ್ತನಾಗಿ ಹತ್ತೊಂಬತ್ತು ವರ್ಷಗಳಿಂದ ದಿನವೂ ಅದನ್ನು ಅಳೆದು ಬರೆದಿಡುತ್ತಿರುವವನು ನಾನೇ ಆದ್ದರಿಂದ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಬೆಳಿಗ್ಗೆ ಊರಿನ ಪಡುವಣ ತುದಿ ಎತ್ತರ, ಮೂಡಣ ತುದಿ ತಗ್ಗು. ಹನ್ನೆರಡು ಹನ್ನೆರಡಕ್ಕೆ ಸೈರನ್ ಕೂಗುತ್ತದೆ, ಊರು ನಿಧಾನವಾಗಿ ಮಗ್ಗುಲು ಬದಲಿಸತೊಡಗುತ್ತದೆ. ಹನ್ನೆರಡು ಹದಿನಾರಕ್ಕೆ ಒಂದು ಗಳಿಗೆ ಎಲ್ಲವೂ ಸಮತಟ್ಟು. ಇಪ್ಪತ್ತರ ಹೊತ್ತಿಗೆ ಮೂಡಣ ಮೇಲೆ, ಪಡುವಣ ಕೆಳಗೆ. ಈ ವಾಟ, ಅಂದರೆ ಇಳಿಜಾರು, ನೂರು ಅಡಿಗೆ ಆರು ಅಡಿ. ತುದಿಯಿಂದ ತುದಿಗೆ ಎರಡು ಕಿಲೋಮೀಟರು. ಮತ್ತೆ ಮೊದಲಿನಂತಾಗುವುದು ಎಲ್ಲರೂ ನಿದ್ದೆಯಲ್ಲಿರುವಾಗ. ಬೆಳಿಗ್ಗೆ ಎದ್ದಾಗ ದಿಂಬು ಕಾಲ ಬಳಿ ಬಂದಿದ್ದರೆ ಯಾರೂ ಅದನ್ನು ದೊಡ್ಡ ಸಂಗತಿ ಎಂದುಕೊಳ್ಳುವುದಿಲ್ಲ.

ಬದುಕು ಇದಕ್ಕೆ ಎಂದೋ ಒಗ್ಗಿದೆ. ಕಾಫಿಯನ್ನು ಲೋಟದ ಮುಕ್ಕಾಲಿಗೆ ಮಾತ್ರ ಹಾಕುತ್ತಾರೆ. ತಟ್ಟೆಗಳಿಗೆ ಎರಡು ಬೆರಳು ಎತ್ತರದ ಅಂಚು. ತೊಟ್ಟಿಲಿಗೆ ಮಾತ್ರ ವಾಟದ ಹಂಗಿಲ್ಲ, ಏಕೆಂದರೆ ಅದು ತೂಗುಹಾಕಿದ್ದು. ಮನೆಗಳೆಲ್ಲ ಪಡುವಣಕ್ಕೆ, ಕಚೇರಿ, ಅಂಗಡಿ, ಶಾಲೆಗಳೆಲ್ಲ ಮೂಡಣಕ್ಕೆ. ಹಾಗಾಗಿ ಬೆಳಿಗ್ಗೆ ಇಳಿದು ಕೆಲಸಕ್ಕೆ ಹೋಗುತ್ತೇವೆ, ಸಂಜೆ ಇಳಿದು ಮನೆಗೆ ಬರುತ್ತೇವೆ. ನಿಲ್ಲಿಸಿದ ಯಾವ ಗಾಡಿಯ ಗಾಲಿಗೂ ಒಂದು ಕಲ್ಲು ಕೊಟ್ಟಿರಬೇಕು. ಸೈರನ್ ಕೂಗಿದಾಗ ಹತ್ತಿರದಲ್ಲಿ ಯಾರಿದ್ದರೂ ಆ ಕಲ್ಲನ್ನು ಗಾಲಿಯ ಆಚೆ ಬದಿಗೆ ಸರಿಸಬೇಕು, ಗಾಡಿ ತನ್ನ ಶತ್ರುವಿನದಾದರೂ ಸರಿ. ಮಾತು ಬಿಟ್ಟವರೂ ಇಲ್ಲಿ ಒಬ್ಬರ ಗಾಡಿಯ ಕಲ್ಲನ್ನು ಒಬ್ಬರು ಸರಿಸುತ್ತಾರೆ.

ಏರು ಹೋಗುವವರು ನಮ್ಮಲ್ಲಿ ಇಲ್ಲ. ಅರ್ಧ ದಿನ ಕಾದರೆ ಏರೇ ಇಳಿಜಾರಾಗುವಾಗ ಹತ್ತುವುದೇಕೆ? ಅಪರೂಪಕ್ಕೆ ಯಾರಾದರೂ ಹತ್ತುತ್ತಿರುವುದು ಕಂಡರೆ ಅವರು ಏನೋ ಮರೆತು ಬಂದಿದ್ದಾರೆಂದೇ ಅರ್ಥ. "ಏನು ಮರೆತ್ರಿ?" ಎಂದು ಕೇಳುವುದು ಮರ್ಯಾದೆ. ಅವರು "ಛತ್ರಿ" ಎಂದೋ "ಬೀಗದ ಕೈ" ಎಂದೋ ತಲೆ ತಗ್ಗಿಸಿ ಹೇಳಿ ಹತ್ತುತ್ತಾರೆ. ಕೇಳದೆ ಸುಮ್ಮನಿದ್ದರೆ ಅವಮಾನ ಮಾಡಿದಂತೆ.

ನನ್ನ ಹೆಂಡತಿ ಕಮಲಾಕ್ಷಿ ಹದಿನಾಲ್ಕು ವರ್ಷ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕಾಜಾ ಹಾಕಿದವಳು. ಒಂದು ದಿನ ಸೂಜಿ ಇಟ್ಟು ಎದ್ದು ಬಂದು, "ಇನ್ನು ನಾನು ಟ್ಯಾಕ್ಸಿ ಓಡಿಸ್ತೀನಿ" ಎಂದಳು. ಪಕ್ಕದ ಜಿಲ್ಲೆಯಿಂದ ಹಳೆಯ ಎಲೆಕ್ಟ್ರಿಕ್ ಕಾರೊಂದನ್ನು ತರಿಸಿದಳು. ಬೆಳಿಗ್ಗೆ ನಾಲ್ಕು ಜನರನ್ನು ಇಳಿಸುವುದು, ಸಂಜೆ ನಾಲ್ಕು ಜನರನ್ನು ಇಳಿಸುವುದು. ಮಂಡಿನೋವಿನ ಎಂಟು ಜನ ಆಗಲೇ ಹೆಸರು ಬರೆಸಿದ್ದರು. ಉಳಿದದ್ದು ಪರವಾನಗಿ. ಅದಕ್ಕೆ ಕಲ್ಲುಪರೀಕ್ಷೆ ಆಗಬೇಕು. ಗಾಡಿ ಹೆದ್ದಾರಿಬೀದಿಯನ್ನು ಪೂರ್ತಿ ಇಳಿದು ಬಿಳಿಗೆರೆಯ ಮೇಲೆ ನಿಲ್ಲಬೇಕು. ಆಮೇಲೆ ವಾಟ ತಿರುಗುವಾಗ ಒಂದೇ ಕಲ್ಲಿನ ಆಸರೆಯಲ್ಲಿ ಒಂದು ಗೇಣಿಗಿಂತ ಹೆಚ್ಚು ಕದಲಬಾರದು. ಒಮ್ಮೆ ತಪ್ಪಿದರೆ ಮುಂದಿನ ಪರೀಕ್ಷೆ ಒಂದು ವರ್ಷದ ಮೇಲೆ. ಪುರಸಭೆ ನಮಗೆ ಕೊಟ್ಟ ತಾರೀಖು ಸರಿಯಾಗಿ ನಲವತ್ತು ದಿನ ಆಚೆಗಿತ್ತು. ವರ್ಷಪೂರ್ತಿ ಅಂಗಳದಲ್ಲಿ ನಿಲ್ಲುವ ಕಾರು, ಬಿಟ್ಟ ಕೆಲಸ, ಎಂಟು ಜನರಿಗೆ ಕೊಟ್ಟ ಮಾತು, ಇವೆಲ್ಲ ಆ ಒಂದು ದಿನದ ಮೇಲೆ ನಿಂತಿದ್ದವು.

ಬಂದ ಕಾರಿನ ಟೈರುಗಳು ಬೋಳಾಗಿದ್ದವು. ಒಂದು ರಿಮ್ ಸೀಳಿತ್ತು. ನಾಲ್ಕನ್ನೂ ಬದಲಿಸಬೇಕೆಂದು ಮೂಡಣ ತುದಿಯ ದಸ್ತಗೀರ್ ಸಾಹೇಬರ ಟೈರ್ ಅಂಗಡಿಗೆ ಹೋದೆವು. ಕಮಲಾಕ್ಷಿ, ಅವಳ ತಮ್ಮ ಪ್ರಹ್ಲಾದ, ಮತ್ತು ನೋಟ್‌ಬುಕ್ ಹಿಡಿದ ನಾನು. ದಸ್ತಗೀರ್ ಅಂಗಡಿಯ ಹಿಂದೆಯೇ ಮನೆ ಮಾಡಿಕೊಂಡಿರುವ ಕೆಲವೇ ಮೂಡಣದವರಲ್ಲಿ ಒಬ್ಬರು. ಮೂಡಣದವರಿಗೆ ಒಂದು ತೊಡಕಿದೆ. ಸಂಜೆ ಪಡುವಣಕ್ಕೆ ಇಳಿದರೆ ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಇಳಿದು ಬರಬೇಕು. ಅವರ ಮಗಳನ್ನು ಕೊಟ್ಟಿರುವುದು ಪಡುವಣದಲ್ಲಿ, ನಮ್ಮ ಬೀದಿಗೆ. ಬೀಗರ ಮನೆಯಲ್ಲಿ ನಿದ್ದೆ ಬರುವುದಿಲ್ಲವೆಂದು ಅವರು ಬರುತ್ತಿದ್ದದ್ದು ವರ್ಷಕ್ಕೆ ಎರಡು ಸಲ, ಹಬ್ಬಕ್ಕೆ.

ಪ್ರಹ್ಲಾದ ಹೋದವನೇ ಗೋಡೆಯ ಮೇಲೆ ತೂಗುಹಾಕಿದ್ದ ದೊಡ್ಡ ಅಲಾಯ್ ಚಕ್ರದ ಮುಂದೆ ನಿಂತ. "ಅಕ್ಕ, ಇದು ನೋಡು! ಹದಿನೇಳು ಇಂಚು. ಕನ್ನಡಿ ಥರ ಇದೆ. ಇದ್ರಲ್ಲಿ ನೋಡ್ಕೊಂಡು ತಲೆ ಬಾಚ್ಕೋಬಹುದು."

"ನಿನಗೆ ಬಾಚೋಕೆ ತಲೇಲಿ ಏನು ಉಳಿದಿದೆಯೋ?" ಎಂದಳು ಕಮಲಾಕ್ಷಿ.

"ತಮ್ಮಾ, ಅದರ ಸುತ್ತ ರಬ್ಬರ್ ಎಷ್ಟಿದೆ ನೋಡು," ಎಂದರು ದಸ್ತಗೀರ್. "ಬಳೆಯಷ್ಟು ದಪ್ಪ. ವಾಟ ತಿರುಗಿದಾಗ ಗಾಡಿ ಕಲ್ಲಿನ ಮೇಲೆ ಕೂರುತ್ತೆ. ಆಗ ಪೆಟ್ಟು ತಿನ್ನೋದು ರಬ್ಬರಲ್ಲ, ರಿಮ್ಮು. ಆರು ತಿಂಗಳಿಗೆ ನಿನ್ನ ಕನ್ನಡೀಲಿ ಮುಖ ಸೊಟ್ಟ ಕಾಣುತ್ತೆ."

"ಸಾಹೇಬ್ರೇ, ಇರೋ ಮುಖವೇ ಅಷ್ಟು," ಎಂದಳು ಕಮಲಾಕ್ಷಿ. ಪ್ರಹ್ಲಾದ ಚಕ್ರದ ಮುಂದಿನಿಂದ ಸರಿದು ಬಾಗಿಲ ಬಳಿಗೆ ಹೋದ.

ಆಮೇಲೆ ನಾನು ನೋಟ್‌ಬುಕ್ ಬಿಚ್ಚಿದೆ. ಕಾರಿನ ತೂಕ ಸಾವಿರದ ಇನ್ನೂರ ಮೂವತ್ತೈದು ಕಿಲೋ. ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಇನ್ನೂರ ಅರವತ್ತು ಕಿಲೋ ಹೆಚ್ಚು, ಬ್ಯಾಟರಿಯ ಭಾರ ಅದು. ಐದು ಜನ ಕೂತರೆ ಇನ್ನೂ ಮುನ್ನೂರ ಇಪ್ಪತ್ತೈದು. ಇಳಿಜಾರಿನಲ್ಲಿ ಕೆಳಗಿನ ಎರಡು ಗಾಲಿಗಳಿಗೆ ಹೊರೆ ಹೆಚ್ಚು. ಆದ್ದರಿಂದ ಟೈರಿನ ಪಕ್ಕೆಯ ಮೇಲೆ ಬರೆದಿರುವ ಭಾರದ ಸಂಖ್ಯೆ ಎಂಬತ್ತೆಂಟಕ್ಕೆ ಕಡಿಮೆ ಇರಬಾರದು. ಎಂಬತ್ತೆಂಟು ಎಂದರೆ ಒಂದು ಟೈರು ಹೊರುವುದು ಐನೂರ ಅರವತ್ತು ಕಿಲೋ. ರಿಮ್ ಹದಿನಾಲ್ಕು ಇಂಚು, ಕಾರಿನ ಜೊತೆ ಮೊದಲು ಬಂದಷ್ಟೇ. ಇಷ್ಟಕ್ಕೆ ದಸ್ತಗೀರ್ ತಲೆಯಾಡಿಸಿದರು. ಇನ್ನು ಟೈರಿನ ಜಾತಿ. ಎಲೆಕ್ಟ್ರಿಕ್ ಕಾರಿಗೆ ಯಾವ ಟೈರು ಎಂದು ನಾನು ಓದಿದ ಹನ್ನೊಂದು ಬರಹಗಳೂ ಒಂದೇ ಮಾತು ಹೇಳಿದ್ದವು: ಸುಲಭವಾಗಿ ಉರುಳುವ ಟೈರು. ಉರುಳಲು ಕಡಿಮೆ ಶಕ್ತಿ ಸಾಕಾದರೆ ಒಂದು ಚಾರ್ಜಿಗೆ ಹೆಚ್ಚು ದೂರ ಹೋಗಬಹುದು.

ದಸ್ತಗೀರ್ ಅಂಥದೊಂದು ಟೈರನ್ನು ತಂದು ನೆಲದ ಮೇಲೆ ನಿಲ್ಲಿಸಿ ಕೈ ಬಿಟ್ಟರು. ಅದು ತಾನಾಗಿಯೇ ಹೊರಟು, ಅಂಗಡಿಯ ಉದ್ದಕ್ಕೂ ಉರುಳಿ, ತಗ್ಗಿನ ಗೋಡೆಗೆ ಬಡಿದು, ಅಲ್ಲಿದ್ದ ಚಹಾದ ಕೆಟಲನ್ನು ಬೀಳಿಸಿತು.

"ಚೆನ್ನಾಗಿ ಉರುಳುತ್ತೆ, ಗುಮಾಸ್ತ್ರೇ. ಅದರಲ್ಲಿ ಅನುಮಾನ ಬೇಡ," ಎಂದರು.

ನಾನು ಅದನ್ನು 'ಗುಣ' ಎಂಬ ಕಾಲಂನಲ್ಲಿ ಬರೆದುಕೊಂಡೆ.

ಕಮಲಾಕ್ಷಿ ಕೆಟಲನ್ನು ಎತ್ತಿಟ್ಟು, "ರೀ, ಆ ಹನ್ನೊಂದು ಜನರಲ್ಲಿ ಯಾರಾದ್ರೂ ನಮ್ಮೂರಿಗೆ ಬಂದಿದ್ರಾ?" ಎಂದು ಕೇಳಿದಳು. ವಿಜ್ಞಾನ ಎಲ್ಲ ಊರಿಗೂ ಒಂದೇ ಎಂದೆ. ಇಂದಿಗೂ ಆ ಮಾತು ಸರಿಯೇ. ನಾನು ಅದನ್ನು ಅನ್ವಯಿಸಿದ ಬಗೆ ಮಾತ್ರ ತಪ್ಪು.

ಹೊಸ ಟೈರಿನಲ್ಲಿ ಅಭ್ಯಾಸ ಶುರುವಾಯಿತು. ಪರವಾನಗಿ ಬರುವವರೆಗೆ ಪ್ರಯಾಣಿಕರನ್ನು ಹತ್ತಿಸುವಂತಿಲ್ಲ, ಆದ್ದರಿಂದ ಬೆಳಿಗ್ಗೆ ಸಂಜೆ ನನ್ನೊಬ್ಬನನ್ನು ಕಚೇರಿಗೂ ಮನೆಗೂ ಇಳಿಸುತ್ತಿದ್ದಳು. ಎಲೆಕ್ಟ್ರಿಕ್ ಕಾರು ಇಳಿಯುವಾಗ ಕಾಲು ತೆಗೆದರೆ ಸಾಕು, ಮೋಟಾರೇ ಗಾಲಿಯನ್ನು ಹಿಡಿದುಕೊಳ್ಳುತ್ತದೆ, ಆ ಹಿಡಿತದಿಂದ ಹುಟ್ಟಿದ ಕರೆಂಟು ಬ್ಯಾಟರಿಗೆ ಸೇರುತ್ತದೆ. ಬೇರೆ ಊರಿನಲ್ಲಿ ಇಳಿದಷ್ಟೇ ಹತ್ತಬೇಕಾದ್ದರಿಂದ ಬಂದದ್ದು ಖರ್ಚಾಗುತ್ತದೆ. ನಮ್ಮೂರಿನಲ್ಲಿ ಬರೀ ಇಳಿಯುವುದೇ. ತಂದ ದಿನ ಶೇಕಡಾ ನಲವತ್ತಮೂರಿದ್ದ ಬ್ಯಾಟರಿ ದಿನಕ್ಕೆರಡರಂತೆ ಏರುತ್ತಾ ಹೋಯಿತು. ನಾನು ಹೆಮ್ಮೆಯಿಂದ ಗೀಟು ಎಳೆಯುತ್ತಿದ್ದೆ. ಪ್ರಪಂಚದಲ್ಲಿ ಎಲ್ಲರೂ ಕಾರಿಗೆ ಚಾರ್ಜ್ ತುಂಬಿಸುತ್ತಿದ್ದರೆ ನಮ್ಮದು ತಾನೇ ತುಂಬಿಕೊಳ್ಳುತ್ತಿತ್ತು.

ಇಪ್ಪತ್ತೊಂಬತ್ತನೇ ದಿನ ಬೆಳಿಗ್ಗೆ ಅದು ನೂರಾಯಿತು. ತುಂಬಿದ ಬ್ಯಾಟರಿ ಇನ್ನು ಬೇಡವೆನ್ನುತ್ತದೆ, ಮೋಟಾರು ಹಿಡಿಯುವುದನ್ನು ನಿಲ್ಲಿಸುತ್ತದೆ. ಹೆದ್ದಾರಿಬೀದಿಯ ನಡುವೆ ಕಮಲಾಕ್ಷಿ ಎಂದಿನಂತೆ ಕಾಲು ತೆಗೆದಳು. ಕಾರು ಎಂದಿನಂತೆ ನಿಧಾನವಾಗಲಿಲ್ಲ. ಎಷ್ಟು ಚೆನ್ನಾಗಿ ಉರುಳುವ ಟೈರುಗಳೆಂದು ಆಗ ಇಬ್ಬರಿಗೂ ತಿಳಿಯಿತು. ಅವಳು ಬ್ರೇಕ್ ತುಳಿದಳು, ಸುಟ್ಟ ವಾಸನೆ ಬಂತು, ಬಿಳಿಗೆರೆ ನಮ್ಮ ಕೆಳಗೆ ಹಾದುಹೋಯಿತು. ಕೊನೆಗೆ ನಾವು ನಿಂತದ್ದು ಶಿವರುದ್ರನ ಮಂಡಕ್ಕಿ ಅಂಗಡಿಯ ಮುಂದೆ ಪೇರಿಸಿಟ್ಟಿದ್ದ ಮೂಟೆಗಳಲ್ಲಿ. ಯಾರಿಗೂ ಏನೂ ಆಗಲಿಲ್ಲ. ಬೀದಿಯೆಲ್ಲ ಮಂಡಕ್ಕಿ ಹರಡಿ, ಮೆಲ್ಲನೆ ಮೂಡಣಕ್ಕೆ ಹೊರಟಿತು.

ಶಿವರುದ್ರ ನನ್ನ ತಲೆಯಿಂದ ಮಂಡಕ್ಕಿ ಕೊಡವುತ್ತಾ, "ಖಾರ ಬೇಕಾ, ಸಪ್ಪೆ ಸಾಕಾ ಗುಮಾಸ್ತ್ರೇ?" ಎಂದ.

ಪರೀಕ್ಷೆಗೆ ಉಳಿದದ್ದು ಹನ್ನೊಂದು ದಿನ. ಅಂದೇ ದಸ್ತಗೀರರ ಅಂಗಡಿಗೆ ಹೋದೆವು. ಅವರು ಏನೂ ಕೇಳದೆ ಒಳಗಿನಿಂದ ನಾಲ್ಕು ಟೈರು ಹೊರತಂದರು. ಗಾತ್ರ ಅದೇ, ಭಾರದ ಸಂಖ್ಯೆ ಅದೇ, ಆದರೆ ರಬ್ಬರು ಮೆತ್ತಗೆ, ಮೈಯೆಲ್ಲ ಉಬ್ಬಿ ನಿಂತ ದಪ್ಪ ದಪ್ಪ ಕಟ್ಟುಗಳು. ಒಂದನ್ನು ನಿಲ್ಲಿಸಿ ಕೈ ಬಿಟ್ಟರು. ಅದು ನಾಲ್ಕು ಹೆಜ್ಜೆ ಹೋಗಿ, ಮನಸ್ಸಿಲ್ಲದೆ ವಾಲಿ, ಮಲಗಿತು.

"ಹೊಟ್ಟೆಬಾಕ ಟೈರು," ಎಂದರು. "ಕರೆಂಟ್ ತಿನ್ನುತ್ತೆ. ಬೇರೆ ಊರಲ್ಲಿ ಇದನ್ನ ಯಾರೂ ಮೂಸಲ್ಲ. ಯಾವಾಗಲೋ ಬಂದು ಮೂಲೇಲಿ ಬಿದ್ದಿದ್ವು."

"ಇದನ್ನ ಮೊದಲೇ ಹೇಳಬಾರದಾ?" ಎಂದೆ.

"ನೀವು ನೋಟ್‌ಬುಕ್ ತಂದಿದ್ರಲ್ಲ."

ನಾನು ಅಲ್ಲೇ ಕೂತು ಲೆಕ್ಕ ಹಾಕಿದೆ. ಹೊಟ್ಟೆಬಾಕಗಳಿಂದಾಗಿ ಬ್ಯಾಟರಿ ತುಂಬುವುದು ಇಪ್ಪತ್ತೊಂಬತ್ತು ದಿನಕ್ಕೆ ಬದಲು ಮೂವತ್ತೆರಡು ದಿನಕ್ಕೆ. ಮೂರು ದಿನ ಮುಂದೆ ಹೋಯಿತೇ ಹೊರತು ತೊಂದರೆ ತಪ್ಪಲಿಲ್ಲ. ಈಗಾಗಲೇ ತುಂಬಿರುವುದನ್ನಂತೂ ಅವು ಇಳಿಸುವುದಿಲ್ಲ. ಇದನ್ನು ಹೇಳಿದಾಗ ದಸ್ತಗೀರ್ ಟೈರಿನ ಕಟ್ಟುಗಳ ಮೇಲೆ ಕೈಯಾಡಿಸುತ್ತಾ, ಯಾರನ್ನೂ ನೋಡದೆ, "ಈ ಕಟ್ಟು ಇರೋದು ಇಳಿಯೋಕಲ್ಲ, ಗುಮಾಸ್ತ್ರೇ," ಎಂದರು.

ನನಗೆ ಅರ್ಥವಾಗಲಿಲ್ಲ. ಕಮಲಾಕ್ಷಿಗೆ ಆಯಿತು. "ಏರು ಹತ್ತಿಸೋಣ," ಎಂದಳು.

ಪ್ರಹ್ಲಾದ ಕೂತಲ್ಲಿಂದ ಎದ್ದುಬಿಟ್ಟ. "ಅಕ್ಕಾ! ಹಾಡಹಗಲಲ್ಲಿ? ಜನ ಏನಂತಾರೆ?"

"ಏನಂತಾರೆ, ಏನು ಮರೆತ್ರಿ ಅಂತಾರೆ. ಹೇಳಿದ್ರಾಯ್ತು."

ಲೆಕ್ಕ ಅವಳ ಕಡೆಗಿತ್ತು. ಒಂದು ಸಲ ಪೂರ್ತಿ ಹತ್ತಿದರೆ ಬ್ಯಾಟರಿ ಶೇಕಡಾ ಮೂರರಷ್ಟು ಇಳಿಯುತ್ತದೆ, ಇಳಿದಾಗ ಒಂದರಷ್ಟು ವಾಪಸು ಬರುತ್ತದೆ. ಮರುದಿನ ಹನ್ನೊಂದು ಗಂಟೆಗೆ, ಪಡುವಣ ಇನ್ನೂ ಎತ್ತರದಲ್ಲಿದ್ದಾಗ, ರಾತ್ರಿ ಅಂಗಡಿಯಲ್ಲೇ ಬಿಟ್ಟಿದ್ದ, ಹೊಟ್ಟೆಬಾಕ ಟೈರು ತೊಟ್ಟ ಕಾರನ್ನು ಮೂಡಣದಿಂದ ಮೇಲಕ್ಕೆ ತಿರುಗಿಸಿದಳು. ಟೈರು ಕಲ್ಲುಹಾಸನ್ನು ಕಚ್ಚಿ ಹಿಡಿಯಿತು. ಸದ್ದೇ ಇಲ್ಲದೆ ಕಾರು ಹತ್ತತೊಡಗಿತು. ಜನ ಮನೆ ಅಂಗಡಿಗಳಿಂದ ಹೊರಬಂದರು. ಏರು ಹತ್ತುವ ಗಾಡಿಯನ್ನು ನಮ್ಮೂರು ಅದುವರೆಗೆ ನೋಡಿರಲಿಲ್ಲ, ಆದರೂ ಮರ್ಯಾದೆ ಬಿಡಲಿಲ್ಲ.

"ಏನು ಮರೆತ್ಯಮ್ಮಾ ಕಮಲಾಕ್ಷೀ?"

"ಒಲೆ ಆರಿಸೋದು ಮರೆತೆ!"

ಮಾರನೆಯ ದಿನ ಕನ್ನಡಕ ಮರೆತಳು. ಮಧ್ಯಾಹ್ನ ವಾಟ ತಿರುಗಿದ ಮೇಲೆ ಪಡುವಣದಿಂದ ಹತ್ತುವಾಗ ನನ್ನ ಊಟದ ಡಬ್ಬಿ ಮರೆತಳು. ದಿನಕ್ಕೆ ಎರಡು ಮೂರು ಏರು, ಪ್ರತಿ ಏರಿಗೂ ಹತ್ತು ಹದಿನೈದು ಜನ ಕೇಳುವವರು. ಎಲ್ಲರಿಗೂ ಒಂದೇ ಉತ್ತರ ಕೊಡಬೇಕೆಂದು ನಾವು ಹೊರಡುವ ಮೊದಲು ಮನೆಯಲ್ಲಿ ಸುತ್ತ ನೋಡಿ ಒಂದು ಸಾಮಾನನ್ನು ಗೊತ್ತುಮಾಡಿಕೊಳ್ಳುತ್ತಿದ್ದೆವು. ಐದನೇ ದಿನಕ್ಕೆ ಮರೆಯುವುದಕ್ಕೆ ಮನೆಯಲ್ಲಿ ಹೆಚ್ಚು ಸಾಮಾನು ಉಳಿದಿರಲಿಲ್ಲ. ಬ್ಯಾಟರಿ ಮಾತ್ರ ಎಂಬತ್ತಾರಕ್ಕೆ ಇಳಿದಿತ್ತು. ಕಾಲು ತೆಗೆದರೆ ಕಾರು ಮತ್ತೆ ಹಿಡಿದುಕೊಳ್ಳುತ್ತಿತ್ತು, ಬಿಳಿಗೆರೆಯ ಮೇಲೆ ಅಂಗುಲ ತಪ್ಪದೆ ನಿಲ್ಲುತ್ತಿತ್ತು.

ಆದರೆ ಆರನೇ ದಿನ ಪಕ್ಕದ ಮನೆಯ ಪುಟ್ಟತಾಯಮ್ಮ ಒಂದು ಕಟ್ಟು ಒಂದೆಲಗ ತಂದು ಬಾಗಿಲಲ್ಲಿ ನಿಂತರು. "ಚಟ್ನಿ ಮಾಡ್ಕೊಂಡು ದಿನಾ ಬರೀ ಹೊಟ್ಟೇಲಿ ತಿನ್ನು ಮಗಳೇ. ನಮ್ಮ ಅತ್ತೆಗೂ ಹೀಗೇ ಶುರುವಾಗಿತ್ತು. ಮೊದಲು ಕನ್ನಡಕ ಮರೆತ್ರು, ಆಮೇಲೆ ನನ್ನ ಹೆಸರು."

"ನನಗೇನೂ ಮರೆವಿಲ್ಲ ಪುಟ್ಟತಾಯಮ್ಮ. ಬ್ಯಾಟರಿ ತುಂಬಿ ತುಳುಕ್ತಿತ್ತು, ಅದನ್ನ ಖಾಲಿ ಮಾಡೋಕೆ ಹತ್ತಿಸ್ತಿದ್ದೀನಿ."

ಪುಟ್ಟತಾಯಮ್ಮ ಅವಳ ಕೆನ್ನೆ ಸವರಿ, "ಆಯ್ತು, ಆಯ್ತು," ಎಂದು ಮೆಲ್ಲಗೆ ಹೇಳಿ, ನನ್ನ ಕಡೆಗೆ ಕನಿಕರದಿಂದ ನೋಡಿ ಹೋದರು. ನಿಜ ಹೇಳಿದ್ದರಿಂದ ವಿಷಯ ಇನ್ನಷ್ಟು ಕೆಟ್ಟಿತು. ಸಂಜೆಯೊಳಗೆ ಇನ್ನೂ ಮೂರು ಕಟ್ಟು ಒಂದೆಲಗ ಬಂದವು. ಹೆಸರು ಬರೆಸಿದ್ದ ಎಂಟು ಜನರಲ್ಲಿ ಐದು ಜನ, ಈಗ ಮಂಡಿ ವಾಸಿಯಾಗಿದೆ, ನಡೆದೇ ಹೋಗುತ್ತೇವೆ ಎಂದು ಹೇಳಿ ಕಳಿಸಿದರು. ಆ ರಾತ್ರಿ ಕಮಲಾಕ್ಷಿ ಊಟಕ್ಕೆ ಕೂತವಳು ತಟ್ಟೆ ನೋಡುತ್ತಾ ಇದ್ದುಬಿಟ್ಟಳು. "ಕಾಜಾ ಹಾಕೋವಾಗ ಯಾರೂ ನನ್ನ ತಲೆ ನೆಟ್ಟಗಿದೆಯಾ ಅಂತ ಕೇಳಿರಲಿಲ್ಲ," ಎಂದಳು. ನಾನು ಎದ್ದು ಹೋಗಿ ಕಾರಿನ ಕಲ್ಲು ಸರಿಯಾಗಿದೆಯೇ ನೋಡಿ ಬಂದೆ.

ನಲವತ್ತನೇ ದಿನ ಬಂತು. ಬ್ಯಾಟರಿ ಎಪ್ಪತ್ತೈದರಲ್ಲಿತ್ತು. ವಾಹನ ತಪಾಸಣೆಯ ಅಧಿಕಾರಿ ಹಾಲಪ್ಪನವರು ನಿಯಮದ ಪುಸ್ತಕ ಬಗಲಲ್ಲಿಟ್ಟುಕೊಂಡು ಬಿಳಿಗೆರೆಯ ಬಳಿ ನಿಂತಿದ್ದರು. ಕಾರು ಹೆದ್ದಾರಿಬೀದಿಯನ್ನು ಒಂದೇ ವೇಗದಲ್ಲಿ ಇಳಿದು ಗೆರೆಯ ಮೇಲೆ ನಿಂತಿತು. ಕಲ್ಲು ಕೊಟ್ಟರು. ಹನ್ನೆರಡು ಹನ್ನೆರಡಕ್ಕೆ ಸೈರನ್ ಕೂಗಿತು. ಶಿವರುದ್ರನೇ ಓಡಿಬಂದು ಕಲ್ಲನ್ನು ಆಚೆ ಬದಿಗೆ ಸರಿಸಿದ. ಊರು ಮಗ್ಗುಲಾಯಿತು. ಮೆತ್ತನೆಯ ರಬ್ಬರು ಕಲ್ಲನ್ನು ತಬ್ಬಿಕೊಂಡು ಕೂತಿತು. ಇಪ್ಪತ್ತಕ್ಕೆ ನಾನೇ ಟೇಪು ಹಿಡಿಯಹೋದೆ. ಅರ್ಜಿದಾರರ ಗಂಡ ಹಿಡಿಯುವಂತಿಲ್ಲವೆಂದು ಹಾಲಪ್ಪನವರು ಟೇಪು ಕಸಿದುಕೊಂಡು ಅಳೆದರು. ಕದಲಿದ್ದು ಎರಡು ಬೆರಳು.

"ಗಾಡಿ ಬಗ್ಗೆ ನನ್ನದೇನೂ ತಕರಾರಿಲ್ಲ," ಎಂದರು. "ಗಾಡಿ ಓಡಿಸೋರ ಬಗ್ಗೆ ಹೆಸರಿಲ್ಲದ ಒಂದು ಅರ್ಜಿ ಬಂದಿದೆ." ಜೇಬಿನಿಂದ ಕಾಗದ ತೆಗೆದು ಓದಿದರು. "'ಸದರಿ ಮಹಿಳೆಗೆ ಮರೆವಿನ ಕಾಯಿಲೆ ಇದ್ದು, ದಿನಕ್ಕೆ ಮೂರು ಸಲ ಏರು ಹೋಗುವುದನ್ನು ಊರೇ ನೋಡಿದೆ. ನಾಳೆ ನಾಲ್ಕು ಜನರನ್ನು ಕೂರಿಸಿಕೊಂಡು ಎಲ್ಲಿಗೆ ಹೊರಟೆನೆಂಬುದನ್ನೇ ಮರೆತರೆ ಹೊಣೆ ಯಾರು?' ಇದಕ್ಕೇನು ಹೇಳ್ತೀರಮ್ಮಾ?"

ಕಮಲಾಕ್ಷಿ ಬ್ಯಾಟರಿಯ ವಿಷಯ ಹೇಳಿದಳು. ನಾನು ನೋಟ್‌ಬುಕ್ ತೋರಿಸಿದೆ. ಹಾಲಪ್ಪನವರು ಎರಡು ಪುಟ ನೋಡಿ ಮುಚ್ಚಿದರು. "ಲೆಕ್ಕ ಸರಿ ಇರಬಹುದು. ಆದ್ರೆ ಏರು ಹೋಗೋದರ ಬಗ್ಗೆ ನಿಯಮದಲ್ಲಿ ಒಂದಕ್ಷರ ಇಲ್ಲ. ನಾನು ಕೂತು ಯೋಚನೆ ಮಾಡಬೇಕು." ಯೋಚನೆಗೆ ಹೆಚ್ಚು ಸಮಯವಿರಲಿಲ್ಲ. ಪರೀಕ್ಷೆಯ ದಿನವೇ, ಕಚೇರಿ ಮುಚ್ಚುವ ಐದೂವರೆಯೊಳಗೆ, ರಿಜಿಸ್ಟರಿನಲ್ಲಿ ಸೀಲು ಬೀಳಬೇಕು. ಬೀಳದಿದ್ದರೆ ಪರೀಕ್ಷೆ ತಪ್ಪಿದಂತೆಯೇ. ಅದು ಅವರಿಗೂ ಗೊತ್ತಿತ್ತು. ನಿಟ್ಟುಸಿರುಬಿಟ್ಟು, ಕಚೇರಿಯ ಮೆಟ್ಟಿಲ ಮೇಲೆ ಕೂತು, ಚೀಲಕ್ಕೆ ಕೈ ಹಾಕಿದರು. ಒಂದು ಸಲ ತಡಕಾಡಿದರು. ಚೀಲವನ್ನು ತೊಡೆಯ ಮೇಲೆ ಸುರಿದರು. ಜೇಬು ಮುಟ್ಟಿ ನೋಡಿಕೊಂಡರು. ಮುಖದ ಬಣ್ಣ ಬದಲಾಯಿತು.

ಕಮಲಾಕ್ಷಿ ಹತ್ತಿರ ಹೋಗಿ, ಬೇರೆ ಯಾರಿಗೂ ಕೇಳದ ಹಾಗೆ, ಬಹಳ ಮರ್ಯಾದೆಯಿಂದ ಕೇಳಿದಳು. "ಏನು ಮರೆತ್ರಿ ಸಾರ್?"

"ಸೀಲು," ಎಂದರು ಹಾಲಪ್ಪನವರು. "ಕನ್ನಡಿ ಮುಂದೆ ಇಟ್ಟು ಬಂದೆ."

ಅವರ ಮನೆ ಪಡುವಣದಲ್ಲಿ. ಈಗ ವಾಟ ತಿರುಗಿದ್ದರಿಂದ ಇಳಿದು ಹೋಗುವುದೇನೋ ಸುಲಭ. ಸೀಲು ಹಿಡಿದು ವಾಪಸು ಬರಬೇಕಾದರೆ ಎರಡು ಕಿಲೋಮೀಟರು ಏರು. ರಿಜಿಸ್ಟರು ಕಚೇರಿ ಬಿಟ್ಟು ಹೊರಗೆ ಹೋಗುವಂತಿಲ್ಲ. ಹಾಲಪ್ಪನವರ ಮೈಕಟ್ಟು ಏರಿಗೆ ಹೇಳಿ ಮಾಡಿಸಿದ್ದಲ್ಲ. ಅವರು ನಿಯಮದ ಪುಸ್ತಕ ತಿರುವಿದರು. ತಪಾಸಣೆಯ ಸಲುವಾಗಿ ಅಧಿಕಾರಿ ಗಾಡಿಯಲ್ಲಿ ಕೂರಬಹುದು ಎಂಬ ಒಂದು ಸಾಲು ಏಳನೇ ಪುಟದಲ್ಲಿ ಸಿಕ್ಕಿತು. ಕಮಲಾಕ್ಷಿ ಬಾಗಿಲು ತೆರೆದು ಹಿಡಿದಳು.

ಇಳಿದು ಹೋಗಿ ಸೀಲು ತಂದೆವು. ಹಿಂದಿನ ಸೀಟಿನಲ್ಲಿ ಅವರ ಪಕ್ಕ ನಾನಿದ್ದೆ, ಹಾಗಾಗಿ ಮುಂದಿನದು ಕಣ್ಣಾರೆ ಕಂಡದ್ದು. ಏರು ಶುರುವಾದ ಕೂಡಲೇ ಮೊದಲ ಜಗಲಿಯಿಂದ ಪ್ರಶ್ನೆ ಬಂತು. "ಏನು ಮರೆತ್ರಿ ಸಾರ್?" ಹಾಲಪ್ಪನವರು ಮುಖ ತಿರುಗಿಸಿಕೊಂಡರು. ಎರಡನೆಯ ಜಗಲಿಯಿಂದಲೂ ಅದೇ. ಕೆಮ್ಮಿದರು. ಮೂರನೆಯ ಸಲ ಪುಟ್ಟತಾಯಮ್ಮ ರಸ್ತೆಗೇ ಬಂದು ಕೇಳಿದಾಗ ಅವರು ಕಿಟಕಿಯಿಂದ ಕೈ ಹೊರಚಾಚಿ, ಸೀಲನ್ನು ಎತ್ತಿ ತೋರಿಸಿ, "ಸೀಲು! ಸೀಲು ಮರೆತಿದ್ದೆ!" ಎಂದು ಕೂಗಿದರು. ಆಮೇಲೆ ಅವರಿಗೆ ಅದರಲ್ಲಿ ಸುಖ ಕಂಡಿರಬೇಕು. ಮಂಡಕ್ಕಿ ಅಂಗಡಿ ತಲುಪುವ ಹೊತ್ತಿಗೆ ಕೇಳದವರಿಗೂ ಹೇಳುತ್ತಿದ್ದರು. ಏಳು ನಿಮಿಷದಲ್ಲಿ ಕಚೇರಿ ಮುಟ್ಟಿದೆವು.

ಸೀಲು ಬಿತ್ತು. ಮೂಗರ್ಜಿಯ ಕೆಳಗೆ ಹಾಲಪ್ಪನವರು ಬರೆದ ಷರಾ ಇಂದಿಗೂ ಕಡತದಲ್ಲಿದೆ, ನಾನು ನಕಲು ಮಾಡಿಟ್ಟುಕೊಂಡಿದ್ದೇನೆ: "ಸ್ಥಳದಲ್ಲಿ ವಿಚಾರಿಸಲಾಗಿ, ಮರೆವು ಸದರಿ ಮಹಿಳೆಗೆ ಮಾತ್ರ ಸೀಮಿತವಾದುದಲ್ಲವೆಂದು ಕಂಡುಬಂದಿದೆ. ಮುಕ್ತಾಯಗೊಳಿಸಿದೆ."

ಮರುದಿನದಿಂದ ಟ್ಯಾಕ್ಸಿ ಓಡಿತು. ಮಂಡಿನೋವು ಐದು ಜನರಿಗೂ ಮರುಕಳಿಸಿತು. ದಿನಕ್ಕೊಂದು ಸಲ ಏರಿ ಇಳಿದರೆ ಬ್ಯಾಟರಿ ಇದ್ದಲ್ಲೇ ಇರುತ್ತದೆಂದು ನಾನು ಲೆಕ್ಕ ಹಾಕಿಟ್ಟಿದ್ದೆ. ಆದರೆ ಊರಿನ ಜನ ಎಷ್ಟು ಮರೆಯುತ್ತಾರೆಂಬುದು ನನ್ನ ಲೆಕ್ಕದಲ್ಲಿರಲಿಲ್ಲ. ಛತ್ರಿ, ಮಾತ್ರೆ, ಹಾಜರಿ ಪುಸ್ತಕ, ಹ್ಯಾಂಡಲ್ ಇಲ್ಲದ ಬಾಣಲೆಯ ಇಕ್ಕಳ. ಒಬ್ಬ ಮದುವೆಯ ಗಂಡು ತಾಳಿಯನ್ನೇ ಮರೆತು ಬಂದ. ದಿನಕ್ಕೆ ಎಂಟು ಒಂಬತ್ತು ಏರು. ಐದನೇ ದಿನ ಬ್ಯಾಟರಿ ಹತ್ತಕ್ಕೆ ಇಳಿದು, ಕಾರು ಬಂದ ಮೇಲೆ ಮೊದಲ ಸಲ ಅದಕ್ಕೆ ಗೋಡೆಯಿಂದ ಚಾರ್ಜ್ ಕೊಡಬೇಕಾಯಿತು. ಪ್ರಹ್ಲಾದ ಬಂದು ಪ್ಲಗ್ ಪಾಯಿಂಟ್ ಹಾಕಿಸಿಕೊಟ್ಟ. ರಿಮ್ಮುಗಳಿಗೆ ಬೆಳ್ಳಿಬಣ್ಣ ಬಳಿಯಲು ಅಕ್ಕನಿಂದ ಒಪ್ಪಿಗೆಯನ್ನೂ ಪಡೆದುಕೊಂಡ.

ಒಂದು ಶುಕ್ರವಾರ ಸಂಜೆಯ ಇಳಿತಕ್ಕೆ ದಸ್ತಗೀರ್ ಸಾಹೇಬರು ಬಂದು ಹತ್ತಿದರು. ಇಸ್ತ್ರಿ ಮಾಡಿದ ಜುಬ್ಬಾ, ತೊಡೆಯ ಮೇಲೆ ನನ್ನ ಹಳೆಯ, ಚೆನ್ನಾಗಿ ಉರುಳುವ ಟೈರುಗಳಲ್ಲೊಂದು, ಅದಕ್ಕೆ ಗಟ್ಟಿ ಹಗ್ಗ. ಹಬ್ಬವೇನೂ ಇರಲಿಲ್ಲ. ಮಗಳ ಮನೆಯ ಮುಂದೆ ಇಳಿದರು. ನಾವು ಮನೆಯಲ್ಲಿ ಕಾಫಿ ಕುಡಿಯುವಾಗ ಬೀದಿಯ ಆ ಕಡೆಯಿಂದ ಅವರ ಮೊಮ್ಮಗಳ ಕಿಲಕಿಲ ಕೇಳುತ್ತಿತ್ತು. ಟೈರನ್ನು ಬೇವಿನ ಕೊಂಬೆಗೆ ಉಯ್ಯಾಲೆ ಕಟ್ಟಿದ್ದರು. ಏಳು ಗಂಟೆಗೆ ಅವರು ನಮ್ಮ ಬಾಗಿಲಿಗೆ ಬಂದು, "ಹೊರಡೋಣವಾ ಅಮ್ಮಾ?" ಎಂದರು. ನಾನೂ ಹಿಂದಿನ ಸೀಟಿನಲ್ಲಿ ಅವರ ಪಕ್ಕ ಕೂತೆ.

ಏರು ಶುರುವಾಗುವ ಮೊದಲು ಕಮಲಾಕ್ಷಿ ಕನ್ನಡಿಯಲ್ಲಿ ಅವರನ್ನು ನೋಡಿ ಕೇಳಿದಳು. "ಸಾಹೇಬ್ರೇ, ಆ ಹೊಟ್ಟೆಬಾಕ ಟೈರು ನಿಜವಾಗಿ ಯಾವಾಗ ತರಿಸಿದ್ರಿ?"

ಅವರು ಜುಬ್ಬಾಕ್ಕೆ ಅಂಟಿದ್ದ ಹಗ್ಗದ ನಾರು ಬಿಡಿಸಿದರು. "ನಿಮ್ಮ ಕಾರು ಊರಿಗೆ ಬಂದ ವಾರವೇ."

"ಮತ್ತೆ ಮೊದಲ ದಿನವೇ ಬಾಯಿಬಿಟ್ಟು ಹೇಳಬಾರದಿತ್ತಾ?"

"ನನಗೋಸ್ಕರ ಏರು ಹತ್ತು ಅಂತ ಹೇಳೋಕೆ ಮುಖ ಬೇಕಲ್ಲಮ್ಮಾ."

ಕಾರು ಹತ್ತತೊಡಗಿತು. ಪುಟ್ಟತಾಯಮ್ಮ ಎಂದಿನಂತೆ ಬೇಲಿಯ ಬಳಿ ಇದ್ದರು. ಹಿತ್ತಿಲಿನಿಂದ ಆಗಷ್ಟೇ ಕಿತ್ತ ಒಂದೆಲಗ ಕೈಯಲ್ಲಿತ್ತು. ಹಿಂದಿನ ಸೀಟಿನಲ್ಲಿ ಇದ್ದವರನ್ನು ಗುರುತಿಸಿ ರಸ್ತೆಗೆ ಬಂದರು. ಕಮಲಾಕ್ಷಿ ಕಾರು ನಿಲ್ಲಿಸಿದಳು. ಹೊಟ್ಟೆಬಾಕಗಳು ಏರಿನಲ್ಲಿ ಅಲುಗದೆ ನಿಂತವು.

"ಏನು ಮರೆತ್ರಿ ಸಾಹೇಬ್ರೇ?"

"ಏನೂ ಮರೆತಿಲ್ಲ ತಾಯೀ," ಎಂದರು ದಸ್ತಗೀರ್. "ಮೊಮ್ಮಗಳನ್ನ ನೋಡ್ಕೊಂಡು ಮನೆಗೆ ಹೊರಟಿದ್ದೀನಿ. ನಾಳೆ ಸಂಜೆ ಮತ್ತೆ ಬರ್ತೀನಿ."

ಇದಕ್ಕೆ ಏನು ಹೇಳಬೇಕೆಂಬುದು ನಮ್ಮೂರಿನಲ್ಲಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಪುಟ್ಟತಾಯಮ್ಮ ಕಟ್ಟನ್ನು ಕೊಡಲೆಂದು ಮುಂದೆ ಚಾಚಿದ್ದ ಕೈಯನ್ನು ನೋಡಿಕೊಂಡರು, ಸಾಹೇಬರನ್ನು ನೋಡಿದರು, ಮೇಲೆ ಮೂಡಣದ ದೀಪಗಳ ಕಡೆಗೆ ನೋಡಿದರು. ಆಮೇಲೆ ಒಂದೆಲಗವನ್ನು ಬೇಲಿಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, "ಮುಂದಿನ ಸೀಟು ಖಾಲಿ ಇದೆಯೇನೇ ಕಮಲಾಕ್ಷೀ?" ಎಂದು ಕೇಳಿದರು.